ಹಕ್ಕಿಯ ಛಾಯಾಚಿತ್ರವೂ ಕಲ್ಪಿತ ಚಲನೆಯೂ: ಒಂದು ವಿಮರ್ಶೆ

ಹಕ್ಕಿಯ ಛಾಯಾಚಿತ್ರವೊಂದನ್ನು ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ ಒಪ್ಪಿಸಿ, ಅದರಿಂದ ಐದು ಸೆಕೆಂಡಿನದೋ ಎಂಟು ಸೆಕೆಂಡಿನದೋ ಒಂದು ಚಲಚ್ಚಿತ್ರದ ತುಣುಕನ್ನು ಮಾಡಿಸಿಕೊಳ್ಳುವ ಪದ್ಧತಿಯು ಈಚಿನ ಎರಡು ಮೂರು ವರ್ಷಗಳಲ್ಲಿ ನಮ್ಮ ಭಾಗದಲ್ಲಿಯೂ ಬೇರೂರಿದೆ. ತುಂಗಭದ್ರಾ ಜಲಾಶಯದ ಹಿನ್ನೀರಿನಲ್ಲಿ ತೆಗೆದ ರಾಜಹಂಸದ ಚಿತ್ರ, ಆನೆಗೊಂದಿಯ ಬಂಡೆಗಳ ನಡುವೆ ತೆಗೆದ ಪಿಕಳಾರದ ಚಿತ್ರ, ಕುಷ್ಟಗಿಯ ಎರೆಹೊಲದ ತಂತಿಯ ಮೇಲೆ ಕುಳಿತ ನೀಲಕಂಠದ ಚಿತ್ರ, ಇವೆಲ್ಲ ಒಂದು ಮೊಬೈಲಿನಿಂದ ಇನ್ನೊಂದಕ್ಕೆ ದಾಟುವಷ್ಟರಲ್ಲಿ ರೆಕ್ಕೆ ಬಡಿಯತೊಡಗುತ್ತವೆ, ಕತ್ತು ತಿರುಗಿಸುತ್ತವೆ, ಕೆಲವು ಕೂಗುವುದೂ ಉಂಟು. ನೋಡಿದವರು ಸಂತೋಷಪಡುತ್ತಾರೆ, ಆ ಸಂತೋಷವನ್ನು ಹಳಿಯುವುದು ಈ ಲೇಖನದ ಉದ್ದೇಶವಲ್ಲ. ಆದರೆ ಇಂಥ ತುಣುಕುಗಳು ಕಲೆಯ ದೃಷ್ಟಿಯಿಂದ ಎಷ್ಟರಮಟ್ಟಿನವು, ಪ್ರಮಾಣದ ದೃಷ್ಟಿಯಿಂದ ಅವಕ್ಕೆ ಯಾವ ಸ್ಥಾನವುಂಟು ಎಂಬುದನ್ನು ಯಾರಾದರೂ ಕೇಳಲೇಬೇಕಾಗಿದೆ. ಚರಿತ್ರೆಯ ಅಧ್ಯಾಪಕನು ಹಕ್ಕಿಗಳ ವಿಷಯಕ್ಕೆ ಕೈಹಾಕುವುದು ಅಧಿಕಪ್ರಸಂಗವೆಂದು ಪ್ರಾಣಿಶಾಸ್ತ್ರದ ಸಹೋದ್ಯೋಗಿಗಳು ಭಾವಿಸಬಹುದು. ಇಲ್ಲಿರುವ ಪ್ರಶ್ನೆಯು ಮುಖ್ಯವಾಗಿ ಸಾಕ್ಷ್ಯದ ಪ್ರಶ್ನೆ. ಸಾಕ್ಷ್ಯವನ್ನು ತೂಗಿ ನೋಡುವುದು ನಮ್ಮ ಕಸುಬು.

ಈ ಯಂತ್ರವು ಮಾಡುವ ಕೆಲಸದ ಸ್ವರೂಪವನ್ನು ಮೊದಲು ಸಂಕ್ಷೇಪವಾಗಿ ತಿಳಿಯುವುದು ಒಳ್ಳೆಯದು. 2021ರ ಫೆಬ್ರವರಿಯಲ್ಲಿ ಮೈಹೆರಿಟೇಜ್ ಎಂಬ ವಂಶಾವಳಿ ಸಂಸ್ಥೆಯು ಹಳೆಯ ಭಾವಚಿತ್ರಗಳ ಮುಖಗಳನ್ನು ಚಲಿಸುವಂತೆ ಮಾಡುವ ಸೌಕರ್ಯವೊಂದನ್ನು ಹೊರತಂದಿತು. ಆಗ ಭಗತ್‌ಸಿಂಗ್ ಮೊದಲಾದವರ ಚಿತ್ರಗಳು ಕಣ್ಣು ಮಿಟುಕಿಸಿ ತಲೆಯಾಡಿಸಿದುದನ್ನು ವಾಚಕರಲ್ಲಿ ಹಲವರು ನೋಡಿರಬಹುದು. ಅಲ್ಲಿ ಮೊದಲೇ ಸಿದ್ಧಪಡಿಸಿಟ್ಟಿದ್ದ ಮುಖಚಲನೆಗಳನ್ನು ಚಿತ್ರದ ಮೇಲೆ ಹೊರಿಸಲಾಗುತ್ತಿತ್ತು. 2023ರ ನವೆಂಬರಿನಲ್ಲಿ ಬಂದ ಸ್ಟೇಬಲ್ ವಿಡಿಯೋ ಡಿಫ್ಯೂಶನ್ ಎಂಬ ಮಾದರಿಯು ಇದಕ್ಕಿಂತ ಬಹಳ ಮುಂದೆ ಹೋಯಿತು. ಯಾವ ಚಿತ್ರವನ್ನು ಕೊಟ್ಟರೂ ಅದರಿಂದ 14 ಅಥವಾ 25 ಚಿತ್ರಗಳ ಸರಣಿಯನ್ನು ಅದು ಹೆಣೆಯಬಲ್ಲುದಾಗಿತ್ತು. 2024ರಲ್ಲಿ ಕ್ಲಿಂಗ್, ಡ್ರೀಮ್ ಮಷೀನ್ ಮುಂತಾದುವು ಬಂದುವು. 2025ರ ಜುಲೈ ತಿಂಗಳಲ್ಲಿ ಗೂಗಲ್ ಸಂಸ್ಥೆಯು ಒಂದೇ ಛಾಯಾಚಿತ್ರದಿಂದ ಎಂಟು ಸೆಕೆಂಡಿನ ಧ್ವನಿಸಹಿತ ತುಣುಕನ್ನು ಮಾಡಿಕೊಡುವ ಅನುಕೂಲವನ್ನು ತನ್ನ ಜೆಮಿನಿಯಲ್ಲಿ ಸೇರಿಸಿತು.

ಹೆಸರುಗಳು ಬೇರೆಯಾದರೂ ಒಳಗಿನ ತತ್ತ್ವವು ಬಹುಮಟ್ಟಿಗೆ ಒಂದೇ. ಯಂತ್ರವು ಅಸಂಖ್ಯ ಚಲಚ್ಚಿತ್ರಗಳಿಂದ ಕಲಿತಿರುತ್ತದೆ. ಕೆಲಸಕ್ಕೆ ತೊಡಗಿದಾಗ ಅದು ಅರ್ಥವಿಲ್ಲದ ಚುಕ್ಕೆಗಳ ಗೊಂದಲದಿಂದ ಹೊರಟು, ಆ ಗೊಂದಲವನ್ನು ಹಂತಹಂತವಾಗಿ ಕಳೆಯುತ್ತ, ನಾವು ಕೊಟ್ಟ ಚಿತ್ರಕ್ಕೆ ಹೊಂದಿಕೆಯಾಗುವ ಮುಂದಿನ ಚಿತ್ರಗಳನ್ನು ರೂಪಿಸುತ್ತದೆ. ಇಂಥ ಚಿತ್ರದ ಮುಂದೆ ಸಾಮಾನ್ಯವಾಗಿ ಏನು ಬರುತ್ತದೆ ಎಂಬ ಪ್ರಶ್ನೆಗೆ ಅದು ಉತ್ತರ ಕೊಡುತ್ತದೆ. ಆ ದಿನ, ಆ ದಂಡೆಯಲ್ಲಿ, ಆ ಹಕ್ಕಿಯು ಏನು ಮಾಡಿತು ಎಂಬ ಪ್ರಶ್ನೆಯನ್ನು ಅದು ಕೇಳಿಕೊಳ್ಳುವುದೇ ಇಲ್ಲ. ಕೇಳಿಕೊಂಡರೂ ಉತ್ತರಿಸಲು ಅದರ ಬಳಿ ಸಾಮಗ್ರಿಯಿಲ್ಲ. ಹಾರುವ ಹಕ್ಕಿಯನ್ನು ಹಿಡಿಯುವ ಛಾಯಾಗ್ರಾಹಕನು ಸೆಕೆಂಡಿನ ಎರಡು ಸಾವಿರದ ಒಂದು ಪಾಲಿನಷ್ಟು ಹೊತ್ತು ಮಾತ್ರ ತನ್ನ ಯಂತ್ರದ ಕಣ್ಣನ್ನು ತೆರೆಯುತ್ತಾನೆ. ಸೆಕೆಂಡಿಗೆ 24 ಚಿತ್ರಗಳಂತೆ ಎಂಟು ಸೆಕೆಂಡಿನ ತುಣುಕಿನಲ್ಲಿ 192 ಚಿತ್ರಗಳಾಗುತ್ತವೆ. ಆ 192ರಲ್ಲಿ ಹಕ್ಕಿಯಿಂದ ಬಂದುದು ಒಂದು. ಉಳಿದ 191 ಯಂತ್ರದ ಊಹೆ. ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ಮಾತುಗಳನ್ನು ಪರಾಮರ್ಶಿಸಬೇಕು.

ಊಹೆಯು ಯಾವಾಗಲೂ ತಪ್ಪಾಗಿರುತ್ತದೆಂದು ಹೇಳುವುದು ನ್ಯಾಯವಲ್ಲ. ಕಾಗೆ, ಗುಬ್ಬಿ, ಪಾರಿವಾಳಗಳ ತುಣುಕುಗಳು ಬಹಳಮಟ್ಟಿಗೆ ನಂಬುವಂತೆಯೇ ಇವೆ. ಇವುಗಳ ಚಲಚ್ಚಿತ್ರಗಳು ಜಗತ್ತಿನಲ್ಲಿ ಹೇರಳವಾಗಿರುವುದರಿಂದ ಯಂತ್ರವು ಚೆನ್ನಾಗಿ ಕಲಿತಿದೆ. ತೊಡಕು ಬರುವುದು ತನ್ನದೇ ಆದ ನಡೆಯುಳ್ಳ ಹಕ್ಕಿಗಳಲ್ಲಿ. ನಮ್ಮ ಹಿನ್ನೀರಿಗೆ ಚಳಿಗಾಲದಲ್ಲಿ ಬರುವ ರಾಜಹಂಸವನ್ನೇ ತೆಗೆದುಕೊಳ್ಳೋಣ. ಅದು ಮೇಯುವಾಗ ಕತ್ತನ್ನು ಬಾಗಿಸಿ, ಕೊಕ್ಕಿನ ಮೇಲ್ಭಾಗವು ಕೆಳಗಾಗುವಂತೆ ತಲೆಯನ್ನು ತಲೆಕೆಳಗಾಗಿ ನೀರಿಗಿಳಿಸಿ, ನಾಲಗೆಯನ್ನು ಪಂಪಿನಂತೆ ಆಡಿಸುತ್ತ ಕೆಸರುನೀರನ್ನು ಸೋಸಿಕೊಳ್ಳುತ್ತದೆ. ನಾನು ನೋಡಿದ ತುಣುಕುಗಳಲ್ಲಿ ಅದು ಬೆಳ್ಳಕ್ಕಿಯ ಹಾಗೆ ನೀರನ್ನು ಕುಕ್ಕಿ ತಲೆಯೆತ್ತುತ್ತದೆ. ನಿಜವಾದ ರಾಜಹಂಸವು ಮೇಲೇಳಬೇಕಾದರೆ ನೀರಿನ ಮೇಲೆ ಹಲವು ಹೆಜ್ಜೆ ಓಡಬೇಕು. ತುಣುಕಿನ ರಾಜಹಂಸವು ಮನೆಯ ಮಾಳಿಗೆಯಿಂದೇಳುವ ಪಾರಿವಾಳದಂತೆ ನಿಂತಲ್ಲಿಂದಲೇ ಎದ್ದುಬಿಡುತ್ತದೆ. ಹೊಳೆಯ ಮೇಲೆ ಕಾಣುವ ಕರಿಬಿಳಿ ಮಿಂಚುಳ್ಳಿಯ ವಿಚಾರವೂ ಹೀಗೆಯೇ. ನೀರಿನ ಮೇಲೆ ಒಂದೆಡೆ ರೆಕ್ಕೆ ಬಡಿಯುತ್ತ ನಿಲ್ಲುವಾಗ ಅದರ ರೆಕ್ಕೆ, ಬಾಲ, ಮೈ ಎಲ್ಲವೂ ಅಲ್ಲಾಡುತ್ತಿದ್ದರೂ ತಲೆ ಮಾತ್ರ ಮೊಳೆ ಹೊಡೆದಂತೆ ಕದಲದೆ ಇರುತ್ತದೆ. ಕೆಳಗಿನ ಮೀನಿನ ಮೇಲೆ ಇಟ್ಟ ದೃಷ್ಟಿ ತಪ್ಪಬಾರದಲ್ಲವೆ? ಯಂತ್ರವು ಮೈಯೊಡನೆ ತಲೆಯನ್ನೂ ತೂಗುತ್ತದೆ. ನವಿಲು ಗರಿಗೆದರಿ ನಿಂತಾಗ ಆ ಗರಿಗಳು ಸೆಕೆಂಡಿಗೆ ಸುಮಾರು 25 ಸಲ ಕಂಪಿಸುತ್ತವೆಂದೂ, ಅಷ್ಟು ಕಂಪನದ ನಡುವೆ ಕಣ್ಣುಗಳಂಥ ಆ ಚುಕ್ಕೆಗಳು ಬಹುತೇಕ ನಿಶ್ಚಲವಾಗಿ ತೋರುತ್ತವೆಂದೂ 2016ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿದೆ. ತುಣುಕಿನ ನವಿಲು ಮದುವೆಮನೆಯ ಬೀಸಣಿಗೆಯಂತೆ ಗರಿಗಳನ್ನು ಬೀಸುತ್ತದೆ. ಗೀಜಗದ ತುಣುಕಿನಲ್ಲಂತೂ ಗಂಡುಹಕ್ಕಿಯು ನೇಯುವ ಹುಲ್ಲೆಳೆಯು ಗೂಡಿನೊಳಕ್ಕೆ ಹೋಗಿ ಹೊರಬರುವುದೇ ಇಲ್ಲ, ಕರಗಿಹೋಗುತ್ತದೆ.

ಈ ತಪ್ಪುಗಳು ಇಂದಿನವು. ನಾಳಿನ ಯಂತ್ರವು ಇವನ್ನು ತಿದ್ದಿಕೊಳ್ಳಬಹುದು. ಆದುದರಿಂದ ವಿಮರ್ಶೆಯು ಇವುಗಳ ಮೇಲೆಯೇ ನಿಂತರೆ ಅದರ ಆಯುಷ್ಯವೂ ಅಲ್ಪವಾದೀತು. ತಿದ್ದಿಕೊಂಡರೂ ಉಳಿಯುವ ದೋಷವೊಂದು ಈ ತುಣುಕುಗಳ ರುಚಿಯಲ್ಲಿದೆ. ಯಾವ ಹಕ್ಕಿಯಾದರೂ ಸರಿ, ತುಣುಕಿನ ನಡುವೆ ಒಮ್ಮೆ ನಮ್ಮ ಕಡೆ ತಿರುಗಿ ನೋಡುತ್ತದೆ. ಹಿನ್ನೆಲೆಯಲ್ಲಿ ಜಾಲಿಯ ಟೊಂಗೆಗಳು ಹದವಾದ ಗಾಳಿಗೆ ತೂಗುತ್ತವೆ. ಬೆಳಕು ಸಂಜೆಯ ಹೊಂಬಣ್ಣಕ್ಕೆ ತಿರುಗುತ್ತದೆ. ದೃಶ್ಯವು ಮೆಲ್ಲಮೆಲ್ಲನೆ ಹತ್ತಿರಕ್ಕೆ ಬರುತ್ತದೆ. ಹಕ್ಕಿಗೆ ನಮ್ಮ ವಿಷಯದಲ್ಲಿ ಇರುವುದು ಅಂಜಿಕೆಯೊಂದೇ ಎಂಬುದು ಪೊದೆಯ ಹಿಂದೆ ಗಂಟೆಗಟ್ಟಲೆ ಕುಳಿತವರಿಗೆಲ್ಲ ಗೊತ್ತು. ಗಾಳಿ ಬೀಸುತ್ತಿದ್ದರೆ ಹಕ್ಕಿಯು ಬಹುಮಟ್ಟಿಗೆ ಗಾಳಿಗೆ ಮುಖಮಾಡಿ ಕೂರುತ್ತದೆ. ತುಣುಕಿನಲ್ಲಿ ಗಾಳಿ ಒಂದು ಕಡೆಯಿಂದ ಬೀಸಿದರೆ ಹಕ್ಕಿಯ ಗರಿ ಇನ್ನೊಂದು ಕಡೆಗೆ ಹಾರುತ್ತದೆ. ನಮ್ಮ ನೆರೆಯ ಸಂಡೂರಿನ ಎಂ. ವೈ. ಘೋರ್ಪಡೆಯವರು ಕಪ್ಪುಬಿಳುಪಿನಲ್ಲಿ ತೆಗೆದ ವನ್ಯಜೀವಿಚಿತ್ರಗಳನ್ನೂ ಬೆಂಗಳೂರಿನ ಟಿ. ಎನ್. ಎ. ಪೆರುಮಾಳರ ಚಿತ್ರಗಳನ್ನೂ ನೋಡಿದವರು ಒಂದು ಸಂಗತಿಯನ್ನು ಗಮನಿಸಿರಬಹುದು: ಅಲ್ಲಿ ಪ್ರಾಣಿಯು ತನ್ನ ಕೆಲಸದಲ್ಲಿ ತಾನು ಮಗ್ನವಾಗಿರುತ್ತದೆ. ಆ ಮಗ್ನತೆಯನ್ನು ಕೆಡಿಸದೆ ಹಿಡಿದುದೇ ಆ ಚಿತ್ರಗಳ ಘನತೆ. ಯಂತ್ರದ ತುಣುಕು ಮೊದಲು ಕೆಡಿಸುವುದು ಇದನ್ನೇ.

ಛಾಯಾಗ್ರಹಣದ ಚರಿತ್ರೆಯನ್ನು ಸ್ವಲ್ಪ ಹಿಂದಿರುಗಿ ನೋಡಿದರೆ ಈ ವಿಷಯವು ಇನ್ನಷ್ಟು ಸ್ಪಷ್ಟವಾಗುತ್ತದೆ. ಐರೋಪ್ಯ ಚಿತ್ರಕಾರರು ಶತಮಾನಗಳ ಕಾಲ ಓಡುವ ಕುದುರೆಯನ್ನು ಮುಂಗಾಲು ಮುಂದಕ್ಕೂ ಹಿಂಗಾಲು ಹಿಂದಕ್ಕೂ ಚಾಚಿ ನೆಲದಿಂದೆದ್ದಂತೆ ಬರೆದರು. 1821ರಲ್ಲಿ ಜೆರಿಕೊ ಬರೆದ ಎಪ್ಸಮ್ ಪಂದ್ಯದ ಪ್ರಸಿದ್ಧ ಚಿತ್ರದಲ್ಲಿಯೂ ಕುದುರೆಗಳು ಹಾಗೆಯೇ ಇವೆ. 1878ರಲ್ಲಿ ಮೈಬ್ರಿಜ್ ಎಂಬಾತನು ಅಮೆರಿಕದ ಪಾಲೊ ಆಲ್ಟೊದಲ್ಲಿ ಸಾಲಾಗಿ ಚಿತ್ರಗ್ರಾಹಕ ಯಂತ್ರಗಳನ್ನಿಟ್ಟು ಓಡುವ ಕುದುರೆಯ ಚಿತ್ರಗಳನ್ನು ತೆಗೆದನು. ನಾಲ್ಕು ಕಾಲುಗಳೂ ನೆಲವನ್ನು ಬಿಡುವ ಗಳಿಗೆಯಲ್ಲಿ ಅವು ಹೊಟ್ಟೆಯ ಕೆಳಗೆ ಒಟ್ಟುಗೂಡಿರುತ್ತವೆಂದು ಆಗ ತಿಳಿಯಿತು. ಇದರಿಂದ ಪ್ರೇರಿತನಾದ ಫ್ರಾನ್ಸಿನ ಶರೀರಶಾಸ್ತ್ರಜ್ಞ ಮಾರೆಯು 1882ರಲ್ಲಿ ಕೋವಿಯ ಆಕಾರದ ಛಾಯಾಗ್ರಾಹಕವೊಂದನ್ನು ಮಾಡಿ, ಸೆಕೆಂಡಿಗೆ 12 ಚಿತ್ರಗಳಂತೆ ಹಾರುವ ಹಕ್ಕಿಗಳನ್ನು ಹಿಡಿದನು. 1890ರಲ್ಲಿ ಹಕ್ಕಿಗಳ ಹಾರಾಟವನ್ನು ಕುರಿತು ಗ್ರಂಥವನ್ನೇ ಪ್ರಕಟಿಸಿದನು. ಚಲಚ್ಚಿತ್ರಕಲೆಯ ಹುಟ್ಟಿನ ಕಥೆಯಲ್ಲಿ ಹಕ್ಕಿಗೆ ಇಷ್ಟು ದೊಡ್ಡ ಪಾಲಿದೆಯೆಂಬುದು ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ತಿಳಿದಿದೆಯೋ! ಮಾರೆಯ ಚಲನೆಗೂ ಇಂದಿನ ತುಣುಕಿನ ಚಲನೆಗೂ ಮೇಲುನೋಟಕ್ಕೆ ಸಾಮ್ಯವಿದ್ದರೂ ದಿಕ್ಕು ಬೇರೆ. ಆತನು ಕಣ್ಣು ಊಹಿಸಿದ್ದನ್ನು ಪಕ್ಕಕ್ಕಿಟ್ಟು ಹಕ್ಕಿಯನ್ನು ಕೇಳಿದನು. ತುಣುಕಿನ ಯಂತ್ರವು ಹಕ್ಕಿಯನ್ನು ಪಕ್ಕಕ್ಕಿಟ್ಟು ಎಲ್ಲರ ಊಹೆಯನ್ನು ಒಟ್ಟುಗೂಡಿಸಿ ಕೊಡುತ್ತದೆ.

ನಿಜವಾಗಿ ತೆಗೆದ ಚಲಚ್ಚಿತ್ರದ ಬೆಲೆ ಎಂಥದೆಂಬುದಕ್ಕೆ ಮೆಕ್ಸಿಕೊ ದೇಶದ ಒಂದು ನಿದರ್ಶನವಿದೆ. ಅಲ್ಲಿಯ ಕಾಡುಗಳಲ್ಲಿ ಜಗತ್ತಿನ ಅತಿ ದೊಡ್ಡ ಮರಕುಟಿಗವೊಂದು ಇತ್ತು. ಈಗ ಅದು ಅಳಿದುಹೋಗಿದೆಯೆಂದೇ ಬಹುಮಂದಿ ವಿದ್ವಾಂಸರ ಅಭಿಪ್ರಾಯ. 1956ರಲ್ಲಿ ವಿಲಿಯಂ ರೈನ್ ಎಂಬ ಅಮೆರಿಕದ ದಂತವೈದ್ಯನು ಹೇಸರಗತ್ತೆಯ ಬೆನ್ನ ಮೇಲಿಂದ ಕೈಯಲ್ಲಿ ಹಿಡಿದ ಯಂತ್ರದಿಂದ ಅದರ 85 ಸೆಕೆಂಡಿನ ಚಿತ್ರವನ್ನು ತೆಗೆದನು. ಚಿತ್ರವು ನಡುಗುತ್ತದೆ, ಹಕ್ಕಿಯು ದೂರದಲ್ಲಿದೆ. ಇಂದಿನ ಯಾವ ಸ್ಪರ್ಧೆಯಲ್ಲಿಯೂ ಅದಕ್ಕೆ ಬಹುಮಾನ ಬರಲಾರದು. ಜೀವಂತ ಹಕ್ಕಿಯ ಚಿತ್ರರೂಪದ ದಾಖಲೆಯೆಂದು ತಿಳಿದಿರುವುದು ಅದೊಂದೇ. 2011ರಲ್ಲಿ ಲಾಮರ್ಟಿಂಕ್ ಮತ್ತು ಅವರ ಸಂಗಡಿಗರು ಅದನ್ನು ಚಿತ್ರಚಿತ್ರವಾಗಿ ಪರಿಶೀಲಿಸಿ, ಆ ಹಕ್ಕಿಯು ಇತರ ದೊಡ್ಡ ಮರಕುಟಿಗಗಳಿಗಿಂತ ಶೀಘ್ರವಾಗಿ ರೆಕ್ಕೆ ಬಡಿಯುತ್ತಿತ್ತೆಂದು ಕಂಡುಕೊಂಡರು. ಅದರ ಸ್ಥಿರಚಿತ್ರವೊಂದು ಮಾತ್ರ ಉಳಿದಿದ್ದು, ಅದನ್ನು ಇಂದಿನ ಯಂತ್ರಕ್ಕೆ ಕೊಟ್ಟಿದ್ದರೆ ಏನಾಗುತ್ತಿತ್ತು? ಇತರ ಮರಕುಟಿಗಗಳ ನಡೆಯನ್ನೇ ಅದು ಈ ಹಕ್ಕಿಗೂ ಕೊಡುತ್ತಿತ್ತು. ತುಣುಕು ನಡುಗದೆ ಸುಂದರವಾಗಿರುತ್ತಿತ್ತು. ಆ ಹಕ್ಕಿಯಲ್ಲಿ ಮಾತ್ರವೇ ಇದ್ದ ವಿಶೇಷವು ಅದರಿಂದ ಎಂದಿಗೂ ಹೊರಬೀಳುತ್ತಿರಲಿಲ್ಲ. ನಮ್ಮನ್ನು ಬೆರಗುಗೊಳಿಸುವ ಹೊಸ ಸಂಗತಿಯನ್ನು ಹೇಳಲಾರದ ಸಾಕ್ಷಿಯನ್ನು ಸಾಕ್ಷಿಯೆಂದು ಕರೆಯಬಹುದೇ?

ಇದೇ ಪ್ರಶ್ನೆಯನ್ನು ನಮ್ಮ ಶಾಸನತಜ್ಞರು ಬಹಳ ಹಿಂದೆಯೇ ಎದುರಿಸಿ, ಅದಕ್ಕೆ ತಕ್ಕ ಶಿಸ್ತನ್ನು ಏರ್ಪಡಿಸಿಕೊಂಡಿದ್ದಾರೆ. ದೂರ ಹೋಗಬೇಕಾಗಿಲ್ಲ. ಕೊಪ್ಪಳದಲ್ಲಿ ಗವಿಮಠದ ಬೆಟ್ಟದ ಮೇಲೂ ಅಲ್ಲಿಗೆ ಸಮೀಪದ ಪಾಲ್ಕಿಗುಂಡಿನ ಮೇಲೂ ಇರುವ ಅಶೋಕನ ಶಾಸನಗಳು 1931ರಲ್ಲಿ ಬೆಳಕಿಗೆ ಬಂದುವು. ಮರುವರ್ಷವೇ ಟರ್ನರ್ ಅವರು ಅವನ್ನು ಹೈದರಾಬಾದಿನ ಪುರಾತತ್ತ್ವ ಮಾಲೆಯಲ್ಲಿ ಸಂಪಾದಿಸಿ ಪ್ರಕಟಿಸಿದರು. ಗವಿಮಠದ ಪಾಠವು ಚೆನ್ನಾಗಿ ಉಳಿದಿದೆ. ಪಾಲ್ಕಿಗುಂಡಿನದು ಬಹಳ ಸವೆದುಹೋಗಿದೆ. ಎರಡೂ ಒಂದೇ ಆಜ್ಞೆಯ ಪ್ರತಿಗಳಾದುದರಿಂದ ಒಂದರ ನೆರವಿನಿಂದ ಇನ್ನೊಂದರ ಅಳಿದ ಅಕ್ಷರಗಳನ್ನು ಊಹಿಸಲು ಬರುತ್ತದೆ. ಆ ಊಹೆಯು ಸರಿಯಾಗಿರುವ ಸಂಭವವೂ ಹೆಚ್ಚು. ಹಾಗಿದ್ದರೂ ಶಾಸನವನ್ನು ಸಂಪಾದಿಸುವವರು ಮಸುಕಾದ ಅಕ್ಷರವನ್ನು ಚೌಕ ಕಂಸದಲ್ಲಿಡುತ್ತಾರೆ. ಪೂರ್ತಿ ಅಳಿದುದನ್ನು ತಾವೇ ತುಂಬಿದಾಗ ನಕ್ಷತ್ರಚಿಹ್ನೆಯನ್ನೂ ಸೇರಿಸುತ್ತಾರೆ. ಕಲ್ಲು ಹೇಳಿದುದಾವುದು, ಸಂಪಾದಕನು ಹೇಳಿದುದಾವುದು ಎಂಬುದು ಓದುವವನಿಗೆ ಒಂದೇ ನೋಟಕ್ಕೆ ತಿಳಿಯಬೇಕೆಂಬುದೇ ಇದರ ಅಭಿಪ್ರಾಯ. ಕಂಸವನ್ನು ಬಿಟ್ಟು ಪಾಠವನ್ನು ಪ್ರಕಟಿಸಿದವನ ಊಹೆಯು ಎಷ್ಟೇ ಸರಿಯಾಗಿದ್ದರೂ ಅವನನ್ನು ನಾವು ವಿದ್ವಾಂಸನೆಂದು ಎಣಿಸುವುದಿಲ್ಲ. ಹಕ್ಕಿಯ ತುಣುಕಿನಲ್ಲಿ 191 ಚಿತ್ರಗಳು ಊಹೆಯಾಗಿದ್ದು, ಕಂಸ ಒಂದೂ ಇಲ್ಲ. ಪಾಲ್ಕಿಗುಂಡಿಗೆ ಗವಿಮಠದಂಥ ನೆರೆಯ ಪ್ರತಿಯಾದರೂ ಉಂಟು. ಹಾರಿಹೋದ ಹಕ್ಕಿಯ ಆ ಗಳಿಗೆಗೆ ಎರಡನೆಯ ಪ್ರತಿ ಎಲ್ಲಿಂದ ಬರಬೇಕು?

ಇಷ್ಟನ್ನು ಕೇಳಿ, ನಿಶ್ಚಲವಾದ ಚಿತ್ರಕ್ಕೆ ಚಲನೆ ಕೊಡುವುದೇ ಅಪರಾಧವೆಂದು ನಾನು ಹೇಳುತ್ತಿರುವೆನೆಂದು ಯಾರೂ ತಿಳಿಯಬಾರದು. ಆ ಕಲೆಯಲ್ಲಿ ನಮ್ಮ ಜಿಲ್ಲೆಯು ಯಾರಿಗೂ ಹಿಂದಿಲ್ಲ. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟದ ಸೇವೆಗಾಗಿ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ತೊಗಲನ್ನು ಹದಮಾಡಿ, ಬೆಳಕು ಹಾಯುವಷ್ಟು ತೆಳುವಾಗಿಸಿ, ಕೊರೆದು, ಬಣ್ಣವಿಟ್ಟ ಗೊಂಬೆಯು ತಾನಾಗಿ ಒಂದು ನಿಶ್ಚಲಚಿತ್ರವೇ. ದೀಪದ ಮುಂದೆ, ಪರದೆಯ ಹಿಂದೆ, ಆಡಿಸುವವರ ಕೈಯಿಂದಲೂ ಕೊರಳಿನಿಂದಲೂ ಅದಕ್ಕೆ ಜೀವ ಬರುತ್ತದೆ. ರಾಮಾಯಣದ ಆಟದಲ್ಲಿ ಜಟಾಯುವು ರೆಕ್ಕೆ ಬಡಿದು ರಾವಣನನ್ನು ತಡೆದಾಗ, ಹದ್ದಿನ ರೆಕ್ಕೆ ಹಾಗೆ ಬಡಿಯುತ್ತದೆಯೇ ಎಂದು ಹಳ್ಳಿಯ ಯಾವ ಮುದುಕನೂ ಕೇಳುವುದಿಲ್ಲ. ಗೊಂಬೆಗೆ ಕೋಲಿದೆ, ಕೋಲನ್ನು ಹಿಡಿದವರಿದ್ದಾರೆ, ಅವರು ಯಾವ ಊರಿನವರೆಂಬುದೂ ಗೊತ್ತು. ನೋಡುವವರಿಗೂ ಆಡಿಸುವವರಿಗೂ ಇದು ಆಟವೆಂಬ ಒಪ್ಪಂದವಿದೆ. ಆ ಒಪ್ಪಂದದೊಳಗೆ ಎಂಥ ಕಲ್ಪನೆಗೂ ಅವಕಾಶವುಂಟು. ಹಕ್ಕಿಯ ತುಣುಕು ಈ ಒಪ್ಪಂದವನ್ನು ಮಾಡಿಕೊಳ್ಳುವುದಿಲ್ಲ. ಅದು ಛಾಯಾಚಿತ್ರದ ವೇಷದಲ್ಲಿಯೇ ಬರುತ್ತದೆ, ಛಾಯಾಚಿತ್ರಕ್ಕೆ ಸಲ್ಲುವ ನಂಬಿಕೆಯನ್ನೇ ಬೇಡುತ್ತದೆ. ವಾಟ್ಸ್‌ಆ್ಯಪಿನಲ್ಲಿ ನಾಲ್ಕು ಕೈ ದಾಟಿದ ಮೇಲೆ ಕೋಲನ್ನು ಹಿಡಿದವರು ಯಾರೆಂಬುದು ಯಾರಿಗೂ ತಿಳಿಯುವುದಿಲ್ಲ.

ಇದರಿಂದ ಆಗುವ ಹಾನಿಯು ದೊಡ್ಡ ನಗರಗಳಿಗಿಂತ ನಮ್ಮಂಥ ಜಿಲ್ಲೆಗೆ ಹೆಚ್ಚು. ಏಕೆಂದರೆ ಇಲ್ಲಿಯ ಹಕ್ಕಿಗಳ ಲಿಖಿತ ಚರಿತ್ರೆಯು ತೀರ ತೆಳುವಾದುದು. ಅಶೋಕನ ಶಾಸನಗಳು ಪತ್ತೆಯಾದ ವರ್ಷದಲ್ಲಿಯೇ, ಎಂದರೆ 1931ರಲ್ಲಿ, ಸಲೀಂ ಅಲಿಯವರು ಹೈದರಾಬಾದ್ ಸಂಸ್ಥಾನದ ಪಕ್ಷಿಸರ್ವೇಕ್ಷಣೆಯನ್ನು ಆರಂಭಿಸಿದರು. ನಮ್ಮ ಜಿಲ್ಲೆಯ ಪ್ರದೇಶವೂ ಆಗ ಆ ಸಂಸ್ಥಾನಕ್ಕೆ ಸೇರಿದ್ದಿತು. ಆ ಕಾಲದ ಪದ್ಧತಿಯಂತೆ ಹಕ್ಕಿಯನ್ನು ಹೊಡೆದು, ಚರ್ಮವನ್ನು ಸುಲಿದು ತುಂಬಿ, ಕಾಲಿಗೆ ಚೀಟಿಯೊಂದನ್ನು ಕಟ್ಟುತ್ತಿದ್ದರು. ಸ್ಥಳ, ದಿನಾಂಕ, ಗಂಡೋ ಹೆಣ್ಣೋ ಎಂಬುದು, ಹಿಡಿದವರ ಹೆಸರು, ಇಷ್ಟು ಆ ಚೀಟಿಯಲ್ಲಿರುತ್ತಿತ್ತು. ಚೀಟಿ ಕಳೆದ ಚರ್ಮವನ್ನು ವಸ್ತುಸಂಗ್ರಹಾಲಯದವರು ಬಹುಮಟ್ಟಿಗೆ ನಿರುಪಯುಕ್ತವೆಂದೇ ಎಣಿಸುತ್ತಾರೆ. ಇಂದಿನ ಛಾಯಾಚಿತ್ರಕ್ಕೂ ಇಂಥ ಚೀಟಿಯುಂಟು. ತೆಗೆದ ದಿನ, ಹೊತ್ತು, ಯಂತ್ರದ ವಿವರ, ಕೆಲವೊಮ್ಮೆ ಸ್ಥಳದ ಅಕ್ಷಾಂಶ ರೇಖಾಂಶಗಳು ಆ ಕಡತದ ಒಳಗೇ ಅಡಗಿರುತ್ತವೆ. ಹಕ್ಕಿಯನ್ನು ಕೊಲ್ಲದೆ ಚೀಟಿಯನ್ನು ಪಡೆಯುವ ಈ ಉಪಾಯವು ಪಕ್ಷಿಶಾಸ್ತ್ರಕ್ಕೆ ಛಾಯಾಗ್ರಹಣದಿಂದ ಬಂದ ಬಹು ದೊಡ್ಡ ಲಾಭ. ತುಣುಕನ್ನು ಮಾಡಿಸಿದಾಗ ಹೊಸ ಕಡತವು ಹುಟ್ಟುತ್ತದೆ. ಅದರಲ್ಲಿ ಉಳಿಯುವ ದಿನಾಂಕವು ತುಣುಕನ್ನು ಮಾಡಿದ ದಿನದ್ದು. ಮೂಲಚಿತ್ರವನ್ನು ಅಳಿಸಿ ತುಣುಕನ್ನು ಮಾತ್ರ ಇಟ್ಟುಕೊಳ್ಳುವವರೂ ಉಂಟು.

ಇದು ಕೇವಲ ಕಡತಗಳ ಚಿಂತೆಯಲ್ಲ. ದಖ್ಖನಿನ ಬಂಡೆಬೆಟ್ಟಗಳಲ್ಲಿ ಮಾತ್ರ ಕಾಣುವ ಹಳದಿಗೊರಳಿನ ಪಿಕಳಾರವನ್ನು 1845ರಲ್ಲಿ ಜೆರ್ಡನ್ನನು ಮೊದಲು ವರ್ಣಿಸಿದನು. ಹಂಪಿ ಆನೆಗೊಂದಿಗಳ ಸುತ್ತಣ ಬೆಟ್ಟಗಳು ಅದರ ನೆಲೆಗಳಲ್ಲೊಂದು; ಕಲ್ಲುಗಣಿಗಾರಿಕೆಯಿಂದ ಇಂಥ ಬೆಟ್ಟಗಳೇ ಎಲ್ಲೆಡೆ ಕರಗುತ್ತಿವೆ. ಗಂಗಾವತಿಯ ಮೂಡಲಿಗೆ, ಹೊಳೆಯಾಚೆ, ಸಿರುಗುಪ್ಪ ತಾಲ್ಲೂಕಿನ ಎರೆಭೂಮಿಯು ದೊರವಾಯನ ಹಕ್ಕಿಗೆ ಕರ್ನಾಟಕದಲ್ಲಿ ಉಳಿದ ಕೊನೆಯ ನೆಲೆ. ಎರೆಭೂತವೆಂದೂ ಕರೆಯುವ ಈ ಹಕ್ಕಿಯು ಇಡೀ ಜಗತ್ತಿನಲ್ಲಿ ಈಗ 200ಕ್ಕಿಂತ ಕಡಿಮೆ. ಅಲ್ಲಿ ಹಿಂದೆ ತೆಗೆದ ಛಾಯಾಚಿತ್ರವೊಂದನ್ನು ಯಾರೋ ಉತ್ಸಾಹಿ ವಿದ್ಯಾರ್ಥಿ ನಡೆಯುವಂತೆ ಮಾಡಿ ಹಂಚಿದನೆಂದಿಟ್ಟುಕೊಳ್ಳೋಣ. ಹತ್ತು ಕೈ ದಾಟುವಷ್ಟರಲ್ಲಿ ಅದು ಈ ವರ್ಷ ಯಲಬುರ್ಗಿಯ ಹೊಲದಲ್ಲಿ ಕಂಡ ಹಕ್ಕಿಯಾಗುವುದಕ್ಕೆ ಅಡ್ಡಿಯೇನು? ಚಲಿಸುವ ಹಕ್ಕಿಯನ್ನು ನೋಡಿದವನು ಅದು ಬದುಕಿದೆಯೆಂದೇ ನಂಬುತ್ತಾನೆ. ಕೆಲವರು ಹುಡುಕಿಕೊಂಡು ಹೋಗಿ ಬರಿಗೈಯಲ್ಲಿ ಹಿಂದಿರುಗುತ್ತಾರೆ. ಇದಕ್ಕಿಂತಲೂ ಕೆಟ್ಟ ಪರಿಣಾಮವೊಂದು ಇದೆ. ಕೆರೆಯೊಂದನ್ನೋ ಹುಲ್ಲುಗಾವಲೊಂದನ್ನೋ ಉಳಿಸಬೇಕೆಂದು ಊರವರು ಅರ್ಜಿ ಕೊಡುವಾಗ ಜೊತೆಗಿಡುವುದು ಹಕ್ಕಿಯ ಛಾಯಾಚಿತ್ರವನ್ನೇ. ಒಂದು ತುಣುಕು ಕೃತಕವೆಂದು ಒಮ್ಮೆ ಬಯಲಾದರೆ, ಎದುರುಪಕ್ಷದವರು ನಿಜವಾದ ನೂರು ಚಿತ್ರಗಳನ್ನೂ ಅದೇ ಮಾತಿನಿಂದ ತಳ್ಳಿಹಾಕಬಲ್ಲರು. ಗಂಗಾವತಿ ತಾಲ್ಲೂಕಿನ ಬಂಕಾಪುರವು 2024ರ ಕೊನೆಗೆ ತೋಳಗಳ ಧಾಮವಾಗಿ ಘೋಷಿತವಾಯಿತು. ಅಂಥ ಬಯಲಿನ ಮೇಲೆ ಚಳಿಗಾಲದಲ್ಲಿ ತಗ್ಗಾಗಿ ತೇಲುವ ಸೆಳೆವಗಳನ್ನೂ ಇತರ ನೆಲಹಕ್ಕಿಗಳನ್ನೂ ಕುರಿತು ಮುಂದೆ ಬರೆಯುವವರಿಗೆ ನಾವು ಯಾವ ದಾಖಲೆಗಳನ್ನು ಬಿಟ್ಟುಹೋಗುತ್ತೇವೆ?

ಇದಕ್ಕೆ ಈಗಾಗಲೇ ನಿಯಮಗಳಿವೆಯಲ್ಲ ಎಂದು ಆಕ್ಷೇಪಿಸುವವರಿದ್ದಾರೆ. ಫಿಯಾಪ್ ಎಂಬ ಅಂತರರಾಷ್ಟ್ರೀಯ ಒಕ್ಕೂಟವೂ ಅಮೆರಿಕದ ಮತ್ತು ಇಂಗ್ಲೆಂಡಿನ ಛಾಯಾಗ್ರಹಣ ಸಂಸ್ಥೆಗಳೂ ಕೂಡಿ ಒಪ್ಪಿ 2015ರಿಂದ ಜಾರಿಗೆ ತಂದ ನಿಸರ್ಗ ಛಾಯಾಗ್ರಹಣದ ಲಕ್ಷಣವು, ಚಿತ್ರಕ್ಕೆ ಏನನ್ನೂ ಸೇರಿಸುವುದನ್ನಾಗಲಿ ಅಂಚು ಕತ್ತರಿಸುವುದನ್ನುಳಿದು ಏನನ್ನೂ ತೆಗೆಯುವುದನ್ನಾಗಲಿ ನಿಷೇಧಿಸುತ್ತದೆ. ಆದರೆ ಅದು ಸ್ಪರ್ಧೆಗೆ ಕಳಿಸುವವರನ್ನು ಮಾತ್ರ ಕಟ್ಟುತ್ತದೆ. ಗೂಗಲ್ ಸಂಸ್ಥೆಯು ತನ್ನ ತುಣುಕುಗಳಲ್ಲಿ ಕಣ್ಣಿಗೆ ಕಾಣುವ ಗುರುತೊಂದನ್ನೂ ಕಾಣದ ಗುರುತೊಂದನ್ನೂ ಇಡುತ್ತದೆ. ಮೊದಲನೆಯದನ್ನು ಅಂಚಿನೊಡನೆ ಕತ್ತರಿಸಿಬಿಡಬಹುದು, ಎರಡನೆಯದನ್ನು ಓದಲು ಬೇರೆ ಸಾಧನ ಬೇಕು. ಇನ್ನು, ಪ್ರಾಥಮಿಕ ಶಾಲೆಯ ಮಕ್ಕಳಿಗೆ ಹಕ್ಕಿಗಳಲ್ಲಿ ಅಕ್ಕರೆ ಹುಟ್ಟಿಸಲು ಈ ತುಣುಕುಗಳು ಸಹಾಯಕವೆಂಬ ವಾದದಲ್ಲಿ ಹುರುಳಿದೆ. ಆದರೆ ಕೊಪ್ಪಳದ ಹುಡುಗನಿಗೆ ನೀಲಕಂಠವನ್ನು ತೋರಿಸಲು ಶಾಲೆಯ ಹಿಂದಿನ ತಂತಿಯೇ ಸಾಕು. ನಮ್ಮ ರಾಜ್ಯಪಕ್ಷಿಯಾದ ಅದು ಪ್ರಣಯಕಾಲದಲ್ಲಿ ಮೇಲಕ್ಕೇರಿ ಪಲ್ಟಿ ಹೊಡೆಯುತ್ತ ಕೆಳಗಿಳಿಯುವ ಆಟವನ್ನು ಕಂಡ ಮಗುವಿಗೆ, ಅದೇ ಹಕ್ಕಿ ಮೆಲ್ಲನೆ ರೆಕ್ಕೆಯಾಡಿಸುತ್ತ ಹೊಂಬೆಳಕಿನಲ್ಲಿ ತೇಲುವ ತುಣುಕು ಸಪ್ಪೆಯಾಗಿ ಕಾಣದಿರದು.

ಕಾಲೇಜುಗಳಲ್ಲಿ ನಾವು ಮಾಡಬಹುದಾದುದು ದೊಡ್ಡ ಕೆಲಸವೇನಲ್ಲ. ವಿದ್ಯಾರ್ಥಿಗಳು ತಂದ ಹಕ್ಕಿಯ ಚಿತ್ರಗಳಿಗೆ ಒಂದು ದಾಖಲೆಪುಸ್ತಕವಿರಲಿ: ಊರು, ತಾಲ್ಲೂಕು, ದಿನ, ಹೊತ್ತು, ತೆಗೆದವರ ಹೆಸರು, ಹಕ್ಕಿಯು ಏನು ಮಾಡುತ್ತಿತ್ತೆಂಬ ಒಂದು ವಾಕ್ಯ. ಈ ಕೊನೆಯ ವಾಕ್ಯವನ್ನು ಕಂಡವನೇ ಆ ದಿನವೇ ಬರೆಯಬೇಕು. 191 ಕಲ್ಪಿತ ಚಿತ್ರಗಳಿಗಿಂತ ಅದು ಹೆಚ್ಚು ಬಾಳುತ್ತದೆ. ಮೂಲಕಡತವನ್ನು ಯಾವ ಬದಲಾವಣೆಯೂ ಇಲ್ಲದೆ ಎರಡು ಕಡೆ ಇಡಬೇಕು. ತುಣುಕು ಮಾಡಿಸಿದ್ದರೆ ಅದನ್ನು ಬೇರೆ ಕಡೆ ಇಟ್ಟು, ಅದರ ಉದ್ದಕ್ಕೂ ‘ಕಲ್ಪಿತ ಚಲನೆ’ ಎಂಬ ಮಾತು ಕಾಣುವಂತೆ ಬರೆದು, ಮೂಲಚಿತ್ರದ ಸಂಖ್ಯೆಯನ್ನು ಪಕ್ಕದಲ್ಲಿ ನಮೂದಿಸಿದರೆ ಶಾಸನದ ಕಂಸವು ಮಾಡುವ ಕೆಲಸವನ್ನು ಅದು ಮಾಡೀತು.

ಕೊನೆಯದಾಗಿ ವಾಚಕರಲ್ಲಿ ಒಂದು ಬಿನ್ನಹವುಂಟು. 1953ರಲ್ಲಿ ತುಂಗಭದ್ರಾ ಜಲಾಶಯವು ತುಂಬುವುದಕ್ಕೆ ಮೊದಲು ಮುನಿರಾಬಾದಿನ ಸುತ್ತಣ ಹೊಳೆಯ ದಂಡೆ ಹೇಗಿತ್ತು, ಅಲ್ಲಿ ಯಾವ ಹಕ್ಕಿಗಳಿದ್ದುವು ಎಂಬುದನ್ನು ತಿಳಿಸುವ ಚಿತ್ರಗಳು ಹಳೆಯ ಮನೆತನಗಳ ಆಲ್ಬಮ್ಮುಗಳಲ್ಲಿ ಇರಬಹುದು. ಮದುವೆಯ ದಿಬ್ಬಣದ ಚಿತ್ರವಾದರೂ ಸರಿ, ಹಿಂದಿನ ನೀರಿನಲ್ಲಿ ಹಕ್ಕಿಯು ಒಂದು ಮಸುಕಾದ ಚುಕ್ಕೆಯಾಗಿದ್ದರೂ ಸರಿ, ಅಂಥವನ್ನು ವಿಭಾಗಕ್ಕೆ ತಂದು ತೋರಿಸಿದರೆ ಪ್ರತಿ ಮಾಡಿಕೊಂಡು ಆ ದಿನವೇ ಹಿಂದಿರುಗಿಸುತ್ತೇವೆ. ಚಿತ್ರದ ಹಿಂಬದಿಯಲ್ಲಿ ಹಿರಿಯರು ಏನಾದರೂ ಬರೆದಿದ್ದರೆ ಅದನ್ನು ಅಳಿಸದೆ ತರಬೇಕೆಂದು ಕೋರಿಕೆ.